ಆ ಹುಡುಗನ ಮೌಶಿ ಸಲುವಾಗಿ ಯಾರು ಅತ್ರು?

ಸಿನಿಮಾ ತಗದವರು "ಈ ಹುಡುಗನ್ನ ನೋಡಿ ನಿಮ್ಮ ಕರುಳು ಚುರ್ ಅನ್ನಬೇಕು" ಅಂತ ಎಷ್ಟು ಹಟಾ ಹಿಡದ್ರೂ ನಮ್ಮ ಕರುಳು ಚುರ್ ಅನ್ನಲಿಲ್ಲಂದ್ರ ಏನು ಮಾಡೋದ್ರಿ? ಈ ಆನ್‌ಲೈನ್ ಆಟಾ ಆಡೋ ಹುಡುಗರನ್ನ ಹೀರೋ ಮಾಡಿದ ಸಿನಿಮಾ ನೋಡಿದಾಗೆಲ್ಲಾ ನನಗ ಹಿಂಗಽ ಆಗತದ. ಬಾಜೂಕ ಕೂತ ಮಗಳು ಕಣ್ಣು ಒರಸಿಕೋತಿರತಾಳ. ನಾ ಮಾತ್ರ "ಅಲ್ಲಾ, ಆ ಮನಿ ಹೆಂಗಸಿನ ಗತಿ ಏನಾತು?" ಅಂತ ಕೇಳತಿರತೇನಿ. "ಅವ್ವಾ, ನೀ ಸಿನಿಮಾ ಒಂದು ಬಿಟ್ಟು ಉಳದದ್ದೆಲ್ಲಾ ನೋಡತೀ" ಅಂತ ಆಕಿ ನನಗ ಬೈತಾಳ. ಆದ್ರ ನಾ ನೋಡಿದ್ದು ಸಿನಿಮಾನಽ. ಅವರು ಅವಸರದಾಗ ದಾಟಿಸಿಕೊಂಡು ಹೋದದ್ದನ್ನೂ ಸ್ವಲ್ಪ ನಿಂತು ನೋಡೇನಿ, ಅಷ್ಟಽ.

ಮೊದಲಽ ಒಂದು ಮಾತು ಹೇಳಿಬಿಡತೇನಿ. ಆಟಾ ಆಡೋ ಹುಡುಗರ ಮ್ಯಾಲೆ ನನಗ ಸಿಟ್ಟಿಲ್ಲಾ. ನಮ್ಮ ಮನ್ಯಾಗ ಅಕ್ಕನ ಮಗಾ ಬಂದ್ರ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕ್ಕೊಂಡು ಯಾರ್‍ಯಾರ ಜೋಡಿನೋ ಮಾತಾಡಕೋತ ಆಡತಾನ. ಛೊಲೋ ಹುಡುಗಾ. ಊಟಕ್ಕ ಕರದ್ರ ಒಂದು ಸಲಕ್ಕ ಬರೂದಿಲ್ಲಾ, ಮೂರು ಸಲಕ್ಕ ಬರತಾನ. ಉಂಡ ತಾಟು ತಾನಽ ಎತ್ತಿಡತಾನ. ಇಂಥಾ ಹುಡುಗರನ್ನ ನೋಡಿದವರು ನಾವು. ಆಟಾ ಆಡೋರೆಲ್ಲಾ ಕೆಟ್ಟವರು ಅಂತ ನಾ ಅನ್ನೂದಿಲ್ಲಾ. ನನ್ನ ತಕರಾರು ಇರೋದು ಅವರ ಕಥಿ ಬರಿಯೋರ ಮ್ಯಾಲೆ. ಅವರು ಆಟಗಾರನ್ನ ಭಾಳ ಪಾಪದಂವಾ, ಭಾಳ ಒಳ್ಳೆಯಂವಾ ಅಂತ ತೋರಸಲಿಕ್ಕೆ ಹೋಗಿ, ತಮಗ ಗೊತ್ತಿಲ್ಲದನಽ ಅವನ್ನ ಸಣ್ಣ ಮನಸ್ಸಿನಂವನ್ನ ಮಾಡಿಬಿಡತಾರ.

ಒಂದು ಉದಾಹರಣಿ ತಗೋರಿ. ಸ್ಟೀವನ್ ಸ್ಪೀಲ್‌ಬರ್ಗ್ 2018ರಾಗ ತಗದ 'ರೆಡಿ ಪ್ಲೇಯರ್ ವನ್' ಅಂತ ಒಂದು ಇಂಗ್ಲಿಷ್ ಸಿನಿಮಾ ಅದ. ಅರ್ನೆಸ್ಟ್ ಕ್ಲೈನ್ ಅನ್ನೋವರು 2011ರಾಗ ಬರದ ಕಾದಂಬರಿ ಮ್ಯಾಲೆ ಮಾಡಿದ್ದು. ಕಥಿ ನಡಿಯೋದು 2045ರಾಗ, ಅಮೇರಿಕಾದ ಕೊಲಂಬಸ್ ಅನ್ನೋ ಊರಾಗ. ಬಡವರ ಓಣಿ ಹೆಂಗದ ಅಂದ್ರ, ಚಕ್ಕಡಿಯಂಗ ಎಳಕೊಂಡು ಹೋಗೋ ಟ್ರೇಲರ್ ಮನಿಗೋಳನ್ನ ಒಂದರ ಮ್ಯಾಲೊಂದು ಡಬ್ಬಿ ಒಟ್ಟಿಧಂಗ ಒಟ್ಟ್ಯಾರ. ಮಂದಿಗೆ ಹೊರಗಿನ ಜಗತ್ತು ಬ್ಯಾಡಾಗೇದ. ಎಲ್ಲಾರೂ ಕಣ್ಣಿಗೆ ಕನ್ನಡಕದಂಥಾ ಡಬ್ಬಿ ಕಟಗೊಂಡು 'ಓಯಸಿಸ್' ಅನ್ನೋ ಆಟದ ಲೋಕದಾಗ ಇರತಾರ. ಆ ಲೋಕ ಕಟ್ಟಿದ ಹ್ಯಾಲಿಡೇ ಅನ್ನೋವಾ ಸಾಯೋ ಮುಂದ ಆಟದಾಗ ಮೂರು ಕೀಲಿಕೈ ಬಚ್ಚಿಟ್ಟು ಹೋಗ್ಯಾನ. ಮೂರೂ ಹುಡುಕಿದವರಿಗೆ ಅರ್ಧಾ ಟ್ರಿಲಿಯನ್ ಡಾಲರ್ ಆಸ್ತಿ, ಆ ಲೋಕದ ಒಡೆತನ ಎರಡೂ. ಅಷ್ಟು ರೊಕ್ಕ ಲೆಕ್ಕಾ ಹಾಕಲಿಕ್ಕೆ ನನ್ನ ಪಿಯುಸಿ ಗಣಿತ ಸಾಲೂದಿಲ್ಲಾ, ಬಿಡ್ರಿ.

ನಮ್ಮ ಹೀರೋ ವೇಡ್ ವಾಟ್ಸ್. ತಂದಿ ತಾಯಿ ಇಲ್ಲಾ. ಸಾಕಿದಾಕಿ ತಾಯಿ ತಂಗಿ, ಆಲಿಸ್ ಅಂತ. ನಮ್ಮ ಲೆಕ್ಕದಾಗ ಮೌಶಿ. ಆಕಿ ಜೋಡಿ ರಿಕ್ ಅಂತೊಬ್ಬ ಗಂಡಸು ಇರತಾನ, ಕೆಲಸಾ ಇಲ್ಲಾ ಬೊಗಸಿ ಇಲ್ಲಾ, ಕೈ ಎತ್ತೋ ಸ್ವಭಾವ ಬ್ಯಾರೆ. ಮನಿ ಸಲುವಾಗಿ ಕೂಡಿಟ್ಟ ರೊಕ್ಕಾನ ಅವಾ ಆಟದಾಗ ಕಳದು ಬರತಾನ. ಆಲಿಸ್ ಕೇಳಲಿಕ್ಕೆ ಹೋದ್ರ ಆಕೀಗೇ ಜೋರು ಮಾಡತಾನ. ಆ ಸೀನು ನೋಡಿದಾಗ ನಾ ಹೆಚ್ಚತಿದ್ದ ಬದನಿಕಾಯಿ ಕೆಳಗಿಟ್ಟೆ. ಎಲ್ಲಿ ಅಮೇರಿಕಾ, ಎಲ್ಲಿ 2045, ಆದ್ರ ಆ ಹೆಂಗಸಿನ ಮಾರಿ ನಾವು ನೋಡಿದ್ದಽ. ನಮ್ಮ ಕಡೆ ರಮ್ಮಿ ಆಪಿನಾಗ ಪಗಾರ ಕಳದು ಬಂದ ಗಂಡನ ಮುಂದ ನಿಂತ ಹೆಂಗಸರ ಮಾರಿ ಹಿಂಗಽ ಇತ್ತು. 2025ರ ಆಗಸ್ಟಿನಾಗ ಪಾರ್ಲಿಮೆಂಟಿನಾಗ ಕಾಯ್ದೆ ಆಗಿ ರೊಕ್ಕಾ ಹಚ್ಚಿ ಆಡೋ ಆನ್‌ಲೈನ್ ಆಟಾ ಬಂದ್ ಮಾಡಿದಾಗ ಎಷ್ಟು ಮನ್ಯಾಗ ಹೆಂಗಸರು ದೇವರಿಗೆ ಕಾಯಿ ಒಡಸ್ಯಾರೋ, ಅವರಿಗೇ ಗೊತ್ತು.

ಇರಲಿ. ವೇಡ್ ಆಟದಾಗ ಹೆಸರು ಬ್ಯಾರೆ ಇಟಗೊಂಡಾನ, ಪಾರ್ಜಿವಲ್ ಅಂತ. ಮೊದಲನೇ ಕೀಲಿಕೈ ಅವಗಽ ಸಿಗತದ, ಕೈತುಂಬ ರೊಕ್ಕಾನೂ ಬರತದ. ಆ ರೊಕ್ಕದಾಗ ಏನು ತಗೋತಾನ? ಆಟದಾಗ ಹಾಕ್ಕೊಳ್ಳಿಕ್ಕೆ ಹೊಸಾ ಅರಬಿ, ಆಟಾ ಮೈಗೆ ತಾಕೋಹಂಗ ಮಾಡೋ ತುಟ್ಟಿ ಸೂಟು, ಆಯುಧಾ, ಸಾಮಾನು. ಪಡಕೊಳ್ಳಲಿ, ಹುಡುಗಾ, ವಯಸ್ಸು. ಆದ್ರ ರಿಕ್ ಕಳದ ಆ ಮನಿ ರೊಕ್ಕದ ಮಾತು ಅವನ ತಲಿಯಾಗ ಬಂದದ್ದು ಸಿನಿಮಾದಾಗ ಎಲ್ಲೂ ಕಾಣಸೂದಿಲ್ಲಾ. "ಮೌಶಿ, ಇಕೋ, ಈ ತಿಂಗಳದ್ದು ನಾ ಕೊಡತೇನಿ" ಅಂತ ಒಂದು ಮಾತು ಬೇಕಿತ್ತು. ಸ್ಪೀಲ್‌ಬರ್ಗ್‌ಗ ಅದಕ್ಕ ಅರ್ಧಾ ನಿಮಿಷನೂ ಹಿಡೀತಿರಲಿಲ್ಲಾ.

ಮುಂದ ಆಗೋದು ಇನ್ನೂ ಕಠಿಣ ಅದ. ಆಟದಾಗ ಆರ್ಟೆಮಿಸ್ ಅನ್ನೋ ಹುಡುಗಿ ಸಿಗತಾಳ. ಇಬ್ಬರೂ ಒಂದು ನಾಚ್ ಕ್ಲಬ್ಬಿಗೆ ಹೋಗತಾರ. ಅಲ್ಲೆ ಇಂವಾ ಮೈಮರತು, ನಿನ್ನ ಮ್ಯಾಲೆ ಪ್ರೀತಿ ಅದ, ನನ್ನ ಖರೇ ಹೆಸರು ವೇಡ್ ಅಂತ ಬಾಯಿ ಬಿಡತಾನ. ಖರೇ ಹೆಸರು ಹೇಳಬ್ಯಾಡ, ಹೇಳಬ್ಯಾಡ ಅಂತ ಆಕಿ ಅಂದ್ರೂ ಕೇಳೂದಿಲ್ಲಾ. ಮಗ್ಗಲಕ ಕಿವಿ ಕೊಟ್ಟು ನಿಂತಂವಾ ಕಂಪನಿಯ ಸಾಹೇಬ ಸೊರೆಂಟೋಗ ಸುದ್ದಿ ಮುಟ್ಟಸತಾನ. ಆ ಸಾಹೇಬ ಮೊದಲ ರೊಕ್ಕದ ಆಸೆ ತೋರಸತಾನ, ಹುಡುಗಾ ಒಲ್ಲೆ ಅಂತಾನ. ಆಮ್ಯಾಲೆ ಸಾಹೇಬ ಆ ಒಟ್ಟಿದ ಮನಿಗೋಳಿಗೆ ಬಾಂಬ್ ಹಾಕಸತಾನ. ಮೌಶಿ ಅಲ್ಲೇ ಸಾಯತಾಳ. ಆಕಿ ಜೋಡಿ ಎಷ್ಟು ಮಂದಿ ಸತ್ರೋ, ಅವರಿಗೆ ಹೆಸರೂ ಇಲ್ಲಾ.

ಬಾಂಬ್ ಹಾಕಿದಂವಾ ಸೊರೆಂಟೋನಽ, ಪಾಪ ಅವನ ತಲೀ ಮ್ಯಾಲೇ. ಅದ್ರಾಗ ನನಗ ಸಂಶಯ ಇಲ್ಲಾ. ಹುಡುಗಾ ಕೊಂದಾನ ಅಂತ ನಾ ಅನ್ನವಲ್ಲೆ. ನಾ ಕೇಳೋದು ಆಮ್ಯಾಲಿನ ಮಾತು. ಮನಿ ಬಿದ್ದ ಮ್ಯಾಲೆ ಒಂದೆರಡು ಸೀನಿನಾಗ ಹುಡುಗಾ ಆ ಹುಡುಗೀನ್ನ ಖರೇ ಜಗತ್ತಿನಾಗ ನೋಡತಾನ. ಆಕಿ ಹೆಸರು ಸಮಂಥಾ. ಮಾರಿ ಮ್ಯಾಲೆ ಹುಟ್ಟಿನ ಕಲೆ ಅದ, ಅದನ್ನ ಕೂದಲದಾಗ ಮುಚ್ಚಿಕೊಂಡಾಳ. ಇಂವಾ ಕೂದಲಾ ಸರಿಸಿ, ನನಗೇನೂ ಬ್ಯಾಸರಿಲ್ಲಾ ಅನ್ನೋಹಂಗ ನೋಡತಾನ. ಸಿನಿಮಾ ಈಗ ಪ್ರೇಮದ ಕಡೆ ಹೊಳ್ಳೇದ. ಮುಂದ ಮೌಶಿ ಹೆಸರು ಸಿಟ್ಟಿನಾಗ ಬಂದ್ರೂ ದುಃಖದಾಗ ಬರೂದಿಲ್ಲಾ. ಸುಟ್ಟ ಮನಿ ಹೊಗಿ ಆರೋ ಮೊದಲ ನಮ್ಮನ್ನ ಹುಡುಗಾ ಹುಡುಗಿ ಕಡೆ ನೋಡ್ರಿ ಅಂತಾರ. ನಮ್ಮ ಕಡೆ ಸೂತಕ ಅಂತ ಹತ್ತು ದಿನಾ ಯಾಕ ಇಟ್ಟಾರ? ಶಾಸ್ತ್ರದ ಮಾತು ಬಿಡ್ರಿ. ಹೋದವರು ನಮ್ಮ ಮನ್ಯಾಗ ಏನಾಗಿದ್ರು ಅಂತ ಕೂತು ನೆನಸಲಿಕ್ಕೆ ಸವುಡು ಬೇಕು, ಅದಕ್ಕ.

ಕಾದಂಬರಿ ಓದಿದ ಮಗಳು ಇನ್ನೊಂದು ಹೇಳಿದ್ಲು. ಪುಸ್ತಕದಾಗ ಮೌಶಿ ಇನ್ನೂ ಕೆಟ್ಟಾಕಿ ಅಂತ. ಸರ್ಕಾರದ ರೇಶನ್ ಕೂಪನ್ ಜಾಸ್ತಿ ಸಿಗತಾವಂತ ಹುಡುಗನ್ನ ಇಟಗೊಂಡಾಳಂತ, ಅವನ ಲ್ಯಾಪ್‌ಟಾಪ್ ಕಸಗೊಂಡು ಬಾಡಗಿ ಸಲುವಾಗಿ ಅಡವಿಡಲಿಕ್ಕೆ ಹೋಗತಾಳಂತ. ಪುಸ್ತಕದಾಗ ಅವಾ ಮರಗೋದು ಓಣಿಯಾಗಿನ ಮಿಸೆಸ್ ಗಿಲ್ಮೋರ್ ಅನ್ನೋ ಪ್ರೀತಿ ಮುದುಕಿ ಸಲುವಾಗಿ. "ನೋಡವ್ವಾ, ಮೌಶಿನಽ ಅಂಥಾಕಿ ಇದ್ಲು, ಅದಕ್ಕ ಅವಗ ಅಳು ಬರಲಿಲ್ಲಾ" ಅಂದ್ಲು ಮಗಳು.

ಇದು ಬರಿಯೋರ ಜಾಣತನ ಅಂತ ನನಗ ಅನಸ್ತು. ಹೆಂಗಸಿನ್ನ ಮೊದಲಽ ಕೆಟ್ಟಾಕಿ ಅಂತ ತೋರಿಸಿಬಿಟ್ರ ಆಕಿ ಸತ್ತಾಗ ಹೀರೋ ಅಳಲಿಲ್ಲಂತ ಯಾರೂ ಕೇಳೂದಿಲ್ಲಾ. ಆದ್ರ ಆಕಿ ಕಡಿಂದ ಸ್ವಲ್ಪ ನೋಡ್ರಿ. ತುಂಬಿ ತುಳಕೋ ಟ್ರೇಲರು, ಬಾಡಗಿ ಬಾಕಿ, ಮನ್ಯಾಗ ಕೈ ಎತ್ತೋ ಗಂಡಸು, ಸತ್ತ ಅಕ್ಕನ ಮಗಾ ತಿನ್ನಲಿಕ್ಕೆ ಒಂದು ಬಾಯಿ. ಲ್ಯಾಪ್‌ಟಾಪ್ ಅಡವಿಡೋದು ತಪ್ಪಽ. ಆದ್ರ ಬಾಡಗಿ ಕೇಳಲಿಕ್ಕೆ ಬಂದವರ ಮುಂದ ನಿಲ್ಲೋದು ಯಾರು? ಹುಡುಗಾ ಅಂತೂ ಅಲ್ಲಾ, ಅವಾ ಒಂದು ಮೂಲಿಯಾಗ ಹಳೇ ವ್ಯಾನಿನಾಗ ಕೂತು ಆಡತಿರತಾನ. ಬಿಸಿ ಮಾತು ಆಡೋ ಹೆಂಗಸು, ತಣ್ಣಗ ಆಟಾ ಆಡೋ ಹುಡುಗಾ ಇಬ್ಬರನ್ನೂ ಬಾಜೂಕ ನಿಲ್ಲಿಸಿದ್ರ ಹುಡುಗನಽ ಪಾಪ ಕಾಣತಾನ. ನಾವು ಮನಿ ನಡಸಿದವರಿಗೆ ಮಾತ್ರ ಇನ್ನೊಂದು ಲೆಕ್ಕಾ ಗೊತ್ತಿರತದ.

ಕಡೀಕ ದೊಡ್ಡ ಯುದ್ಧ ಆಗತದ. ವೇಡ್ ಎಲ್ಲಾರನ್ನೂ ಬರ್ರಿ, ಜೋಡಿ ಹೋರಾಡೋಣು ಅಂತ ಕರೀತಾನ. ಸಾವಿರಗಟ್ಲೆ ಮಂದಿ ಬರತಾರ. ಸೊರೆಂಟೋ ಒಂದು ಬಾಂಬಿನಂಥಾದ್ದು ಹಚ್ಚತಾನ, ಅಲ್ಲಿದ್ದವರ ಆಟದ ಜೀವಾ ಎಲ್ಲಾ ಹೋಗತಾವ. ಆ ಆಟದಾಗ ಸತ್ರ ವರ್ಷಾನುಗಟ್ಲೆ ಕೂಡಿಟ್ಟದ್ದೆಲ್ಲಾ ಸೊನ್ನಿ. ವೇಡ್ ಒಬ್ಬಂವಾ ಮಾತ್ರ ಉಳೀತಾನ, ಯಾಕಂದ್ರ ಹಿಂದ ಒಂದು ಪಂದ್ಯಾದಾಗ ಸಿಕ್ಕ ನಾಣ್ಯಾ ಅವಗೊಂದು ಹೆಚ್ಚಿನ ಜೀವಾ ಕೊಡತದ. ಉಳದ ಮಂದಿ ತಮ್ಮ ತಮ್ಮ ಮನ್ಯಾಗ ಖಾಲಿ ಕೈಲೆ ಕೂತು ಅವಗ ಭಲೇ ಅನ್ನತಾರ. ಅವರು ಕಳಕೊಂಡದ್ದನ್ನ ಗೆದ್ದಂವಾ ಹೊಳ್ಳಿ ಕೊಟ್ಟದ್ದು ಸಿನಿಮಾ ತೋರಸೂದಿಲ್ಲಾ. ಅರ್ಧಾ ಟ್ರಿಲಿಯನ್ ಸಿಕ್ಕಂವಾ ಕೊಡಬಹುದಿತ್ತಲ್ಲಾ? ಊರ ಮಂದಿನ್ನೆಲ್ಲಾ ಮದವಿ ಕೆಲಸಕ್ಕ ಕರದು, ಉಂಡು ಹೋಗ್ರಿ ಅನ್ನೋದು ಮರತಂಗ ಆತು.

ಆಟದ ಲೋಕದ ಒಡೆಯಾ ಆದ ಮ್ಯಾಲೆ ಅವಾ, ಅವನ ನಾಕು ಮಂದಿ ಗೆಳೆಯರು ಕೂಡಿ ಎರಡು ನಿರ್ಣಯ ಮಾಡತಾರ. ಸಾಲಾ ಮಾಡಿದ ಮಂದಿನ್ನ ಕೂಡಿ ಹಾಕಿ ದುಡಸಿಕೊಳ್ಳೋ ಕಂಪನಿ ಜೀತದ ಜಾಗಾಕ್ಕ ಆಟದ ಸಂಪರ್ಕ ಕಡೀತಾರ. ಇದು ಛೊಲೋ ಕೆಲಸಾ. ಇನ್ನೊಂದು, ವಾರದಾಗ ಮಂಗಳವಾರ, ಗುರುವಾರ ಆ ಲೋಕ ಬಂದ್. ಮಂದಿ ಖರೇ ಜಗತ್ತಿನಾಗ ಬದುಕಲಿ ಅಂತ. ಕೇಳಲಿಕ್ಕೆ ಛೊಲೋ ಅನಸ್ತದ, ನಮ್ಮ ಏಕಾದಶಿಯಂಗ. ಆದ್ರ ಏಕಾದಶಿ ಮಾಡೋವರು ತಾವಽ ಮಾಡತಾರ, ಬ್ಯಾರೆಯವರ ಒಲಿ ಆರಸೂದಿಲ್ಲಾ. ಆ ಲೋಕದಾಗ ಅಂಗಡಿ ಇಟ್ಟವರು, ರಿಪೇರಿ ಮಾಡಿ ಹೊಟ್ಟಿ ಹೊರಕೊಳ್ಳೋರು ಇದ್ದಾರಂತ ಸಿನಿಮಾನಽ ತೋರಿಸೇದ. ವೇಡನ ಗೆಳತಿ ಹೆಲೆನ್ ಆಟದಾಗ ಯಂತ್ರಾ ಕಟ್ಟೋ ವರ್ಕ್‌ಶಾಪ್ ಇಟ್ಟಾಳ. ಅಂಥವರ ಎರಡು ದಿನದ ಗಳಿಕಿ ಯಾರು ಕೊಡೋರು? ಇಂವಗ ರೊಕ್ಕಾ ಬಂತು, ಹುಡುಗಿ ಸಿಕ್ಲು, ಅಂದಕೂಡ್ಲೆ ಮಂದಿಗೆ ಬುದ್ಧಿ ಹೇಳಲಿಕ್ಕೆ ಹತ್ತಿದಾ. ಹೊಟ್ಟಿ ತುಂಬಿದವರು ಉಪಾಸದ ಮಹಿಮಾ ಹೇಳಿಧಂಗ.

ಅದಽ ಸಿನಿಮಾದಾಗ ನನ್ನ ಕರುಳು ಚುರ್ ಅಂದದ್ದು ಸಮಂಥಾನ್ನ ನೋಡಿ. ಆಕೀನೂ ಆಟಗಾರಳಽ, ಇಂವನಷ್ಟಽ ಜೋರು. ಆದ್ರ ಆಕಿ ಆಡೋ ಕಾರಣಾ ಬ್ಯಾರೆ. ಆಕಿ ಅಪ್ಪಾ ಆಟದ ಸಾಮಾನಿನ ಸಲುವಾಗಿ ಸಾಲಾ ಮಾಡಿ, ತೀರಸಲಿಕ್ಕೆ ಆಗದ ಕಂಪನಿ ಜೀತಕ್ಕ ಹೋಗಿ ಅಲ್ಲೆ ರೋಗಾ ಬಂದು ಸತ್ತಾನ. ಕಂಪನಿ ಮಂದಿ ಹಿಡೀಲಿಕ್ಕೆ ಬಂದಾಗ ಆಕಿ ವೇಡನ್ನ ಪಾರು ಮಾಡಿ ತಾ ಸಿಕ್ಕೊಂಡು ಅದಽ ಜೀತದ ಪಂಜರದಾಗ ಕೂಡತಾಳ. ಆಕಿ ಮನಿ ಕಥಿ ಆಕಿ ಆಟದ ಒಳಗಽ ಅದ. ಹಂಗಂತ ಸಿನಿಮಾ ಆಕಿದಲ್ಲಾ, ಅವನದು. 2020ರಾಗ ಬಂದ ಎರಡನೇ ಪುಸ್ತಕದಾಗ, ಮೆದುಳಿಗೇ ಹಚಗೊಂಡು ಆಡೋ ಹೊಸಾ ಯಂತ್ರದ ಸಲುವಾಗಿ ಜಗಳಾಗಿ ಸಮಂಥಾ ಅವನ್ನ ಬಿಟ್ಟು ಹೋಗತಾಳಂತ. ಕೇಳಿ ನನಗೇನೂ ಆಶ್ಚರ್ಯ ಅನಸಲಿಲ್ಲಾ.

ಹಿಂದಿಯೊಳಗೂ ಒಂದು ನೋಡ್ರಿ. 2011ರಾಗ ಬಂದ ಶಾರುಖ್ ಖಾನನ 'ರಾ ಒನ್' ನೀವೂ ಟಿವಿಯಾಗ ನೋಡಿರತೀರಿ. ಲಂಡನ್‌ನಾಗ ಇರೋ ಶೇಖರ್ ಸುಬ್ರಮಣ್ಯಂ ಆಟಾ ತಯಾರ ಮಾಡೋ ಕೆಲಸದಾಗ ಇದ್ದಾನ. ಮಗಾ ಪ್ರತೀಕ್. ಅಪ್ಪನ ಮಾತು, ಅಪ್ಪನ ಊಟಾ, ಅಪ್ಪನ ಕೂದಲಾ ಎಲ್ಲಾ ಮಗಗ ನಾಚಿಕಿ. ಅವಗ ಹೀರೋಗಿಂತ ವಿಲನ್ ಜೋರಿರಬೇಕು. ಮಗನ್ನ ಒಲಿಸಿಕೊಳ್ಳಬೇಕಂತ ಅಪ್ಪಾ ಸೋಲಿಲ್ಲದ ವಿಲನ್ ಇರೋ ಆಟಾನಽ ಮಾಡಿಕೊಡತಾನ. ಹುಡುಗಾ ಲೂಸಿಫರ್ ಅಂತ ಹೆಸರಿಟಗೊಂಡು ಆಡತಾನ. ಆ ವಿಲನ್ ಆಟದಿಂದ ಹೊರಗ ಬಂದು ಲೂಸಿಫರ್‌ನ್ನ ಹುಡಕತಾನ. ನಾನಽ ಲೂಸಿಫರ್ ಅಂತ ಸುಳ್ಳು ಹೇಳಿ ಅಪ್ಪಾ ಸಾಯತಾನ.

ಪ್ರತೀಕನ ಉದ್ಧಟತನ ನೋಡಿ ಮೊದಲ ನನಗೂ ಎರಡು ಬಿಡಬೇಕು ಅನಸಿತ್ತು. ಆದ್ರ ಅವಾ ಸಣ್ಣಂವಾ. ಅಪ್ಪಾ ಸತ್ತದ್ದು ಅಪಘಾತ ಅಂತ ಎಲ್ಲಾರೂ ಅಂದಾಗ ಅಲ್ಲಾ ಅಂತ ಕಂಡು ಹಿಡಿಯೋಂವಾ ಅವನಽ, ಅಳೋಂವಾನೂ ಅವನಽ. ಅದಕ್ಕ ಅವನ್ನ ಕ್ಷಮಿಸಬಹುದು. ಆದ್ರ ಸಿನಿಮಾ ಮಾಡಿದವರು ಲಗೂನ ಅಪ್ಪನ ಮಾರಿಯದಽ ಒಂದು ಗೊಂಬಿ ತಂದು ನಿಲ್ಲಸತಾರ. ಅದು ಹಾರತದ, ಬಡದಾಡತದ, ಮಗಾ ಖುಷ್. ಬದುಕಿದ್ದಾಗ ಅಪ್ಪಾ ಬ್ಯಾಡಾಗಿದ್ದಾ, ಅಪ್ಪನ ಮಾರಿ ಹಚಗೊಂಡ ಯಂತ್ರಾ ಬೇಕಾತು. ಸೋನಿಯಾ ಸಲುವಾಗಿ ನನಗ ಜೀವಾ ಮರಗ್ತು. ಗಂಡನ ಮಾರಿ ಇಟಗೊಂಡು ಗಂಡಲ್ಲದ್ದು ಮನ್ಯಾಗ ಓಡಾಡಿದ್ರ ಆಕಿ ಹೆಂಗ ನಿದ್ದಿ ಮಾಡಿದಾಳು? ಅದನ್ನ ಹಾಡು ಕುಣತದಾಗ ತೇಲಿಸಿಬಿಟ್ರು.

ಇನ್ನೊಂದು, ನಗಸಲಿಕ್ಕೆ ಮಾಡಿದ್ದು. 'ದ ಗಿಲ್ಡ್' ಅಂತ, 2007ರಿಂದ 2013ರ ತನಕ ಇಂಟರ್‌ನೆಟ್ಟಿನಾಗ ಬಂದ ಸಣ್ಣ ಸಣ್ಣ ಕಂತಿನ ಅಮೇರಿಕಾ ಸೀರಿಯಲ್. ಫೆಲಿಷಿಯಾ ಡೇ ಅನ್ನೋ ನಟಿ ತಾನಽ ಬರದು ತಾನಽ ಮುಖ್ಯ ಪಾತ್ರ ಮಾಡ್ಯಾಳ. ಒಂದಽ ಆನ್‌ಲೈನ್ ಆಟಾ ಆಡೋ ಆರು ಮಂದಿ, ಒಬ್ಬರಿಗೊಬ್ಬರು ಮಾರಿ ನೋಡಿರೂದಿಲ್ಲಾ. ಅದ್ರಾಗ ಜಾಬೂ ಅನ್ನೋಂವಾ ನಮ್ಮ ಭಾರತದ ತಾಯಿ ಮಗಾ. ಆಟದಾಗ ಹುಡುಗಿ ಕಳಿಸಿದ ಕಣ್ಣು ಹೊಡಿಯೋ ಚಿತ್ರಾನ ಪ್ರೀತಿ ಅಂತ ತಿಳಕೊಂಡು, ಹೇಳದ ಕೇಳದ ಆಕಿ ಮನಿ ಬಾಗಲದಾಗ ಬಂದು ನಿಲ್ಲತಾನ. ಪಾಪ ಹುಚ್ಚು ಹುಡುಗಾ ಅಂತ ನಾವು ನಗಬೇಕು. ಹೆಣ್ಣಮಕ್ಕಳ ತಾಯಂದಿರಾ, ನಿಮಗ ನಗು ಬಂದೀತೇನ್ರಿ? ಒಬ್ಬಾಕೀನಽ ಇರೋ ಹುಡುಗಿ ಬಾಗಲಾ ತಗದ್ರ ಎದುರಿಗೆ ಯಾರೋ ಸಾಮಾನು ಕಟಗೊಂಡು ನಿಂತಾನ. ನನಗಂತೂ ಒಳಗಿನ ಚಿಲಕಾ ಹಾಕಬೇಕು ಅನಸ್ತು.

ಅವನ ತಾಯಿ ಮಗನ್ನ ಹುಡಕಿಕೊಂಡು ಬರತಾಳ. ಆಕೀನ್ನ ಆಟದ ಕಡೀಕ ಬರೋ ದೊಡ್ಡ ರಾಕ್ಷಸಿಯಂಗ ತೋರಸ್ಯಾರ, ಎಲ್ಲಾರೂ ಕೂಡಿ ಆಕಿ ಜೋಡಿ ಯುದ್ಧಾ ಮಾಡತಾರ. ಮಗನ್ನ ಸೆರಗಿಗೆ ಕಟಗೊಂಡ ತಾಯಂದಿರು ಇಲ್ಲಾ ಅಂತಲ್ಲಾ. ನಮ್ಮ ಬಳಗದಾಗೇ ಎಣಿಸಿದ್ರ ಒಂದು ಕೈ ಬಟ್ಟು ಸಾಲೂದಿಲ್ಲಾ. ಆದ್ರ ಮಗಾ ಯಾರದೋ ಮನ್ಯಾಗ ಹೋಗಿ ಕೂತಾಗ ಬಂದು ಕರಕೊಂಡು ಹೋಗೋ ತಾಯಿ ರಾಕ್ಷಸಿ, ಕರೀದನಽ ಬಂದು ಕೂತ ಮಗಾ ಪಾಪದಂವಾ ಅನ್ನೋದು ಯಾವ ಲೆಕ್ಕಾ?

ಅದ್ರಾಗಽ ಕ್ಲಾರಾ ಅಂತ ಒಬ್ಬಾಕಿ ಇದ್ದಾಳ. ಮೂರು ಮಕ್ಕಳ ತಾಯಿ. ಮಕ್ಕಳನ್ನ ಮರತು ಆಟದಾಗ ಮುಳಗತಾಳ. ಇದೂ ನಗಿ ಸಲುವಾಗಿನಽ. ಇಲ್ಲೆ ಮಾತ್ರ ನಾ ಸ್ವಲ್ಪ ಸುಮ್ಮನಾದೆ. ಮೂರು ಮಕ್ಕಳನ್ನ ಇಡೀ ದಿನಾ ನೋಡಿದಾಕಿಗೆ ಒಂದು ತಾಸು ಎಲ್ಲೆರೆ ಓಡಿ ಹೋಗಬೇಕು ಅನಸೋದು ಸುಳ್ಳಲ್ಲಾ. ನಮ್ಮಂಥವರು ಸಂಜಿ ಮುಂದ ಧಾರಾವಾಹಿ ನೋಡೋದೂ ಅದಕ್ಕಽ. ಆದ್ರ ಹಾಲು ಒಲಿ ಮ್ಯಾಲಿದ್ರ ಒಂದು ಕಣ್ಣು ಅಡಗಿಮನಿ ಕಡೆ ಇರತದ. ಕ್ಲಾರಾಗ ಆ ಒಂದು ಕಣ್ಣು ಕೊಟ್ಟಿದ್ರ ನಾವು ಆಕೀನ್ನ ನಮ್ಮಾಕಿ ಅಂತಿದ್ವಿ.

ಇಷ್ಟು ಬರದ ಮ್ಯಾಲೆ "ವೈನಿ, ಅದು ಕಥಿ, ಕಥೀಗೆ ಯಾಕ ಇಷ್ಟು ತಲಿ ಕೆಡಸಿಕೋತೀರಿ?" ಅಂತ ನೀವು ಕೇಳಬಹುದು. ಕೆಡಸಿಕೋಬೇಕ್ರಿ. ಈ ಕಥಿ ನೋಡೋ ಹುಡುಗರು ನಮ್ಮ ಮನ್ಯಾಗಿನವರಽ. ಆಟಾ ಆಡೋ ಹೀರೋ ಮನಿ ಮಂದಿನ್ನ ಮರತ್ರೂ ಜಗತ್ತು ಉಳಸತಾನ, ಕಡೀಕ ಎಲ್ಲಾರೂ ಚಪ್ಪಾಳಿ ಹೊಡೀತಾರ ಅಂತ ಹತ್ತು ಸಲಾ ನೋಡಿದ ಹುಡುಗಗ, ಊಟಕ್ಕ ಬಾ ಅನ್ನೋ ತಾಯಿ ಧ್ವನಿ ಕಿರಿಕಿರಿ ಅನಸೋದು ಸಹಜ. ಕಥಿ ಅವಗ ಆ ಧ್ವನಿನ್ನ ಹಂಗಽ ಕೇಳಿಸೇದ.

ಆಟಗಾರರ ಕಥಿ ಬ್ಯಾರೆ ರೀತಿ ಹೇಳಲಿಕ್ಕೆ ಬರತದ ಅನ್ನೋದಕ್ಕ ಒಂದು ಖರೇ ಮನಷಾನ ಕಥಿ ಅದ. ನಾರ್ವೆ ದೇಶದ ಮಾಟ್ಸ್ ಸ್ಟೀನ್. ಸ್ನಾಯು ಸವಕಳಿ ಆಗೋ ರೋಗಾ, ಸಣ್ಣಂವಿದ್ದಾಗಿಂದ ಗಾಲಿಕುರ್ಚಿ. 2014ರಾಗ 25ನೇ ವಯಸ್ಸಿನಾಗ ಹೋದಾ. ಮಗಾ ಇಡೀ ಜನ್ಮಾ ಒಬ್ಬಂವನಽ ಆಟಾ ಆಡಕೋತ ಕಳದಾ, ಗೆಳೆಯರಿಲ್ಲಾ, ಪ್ರೀತಿ ಇಲ್ಲಾ ಅಂತ ತಂದಿ ತಾಯಿ ಮರಗತಿದ್ರು. ಅವನ ಬ್ಲಾಗಿನಾಗ ಸಾವಿನ ಸುದ್ದಿ ಹಾಕಿದ ಮ್ಯಾಲೆ ಯುರೋಪಿನ ತುಂಬೆಲ್ಲಾ ಪತ್ರಾ ಬರಲಿಕ್ಕೆ ಹತ್ತಿದ್ವು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಾಗ 'ಸ್ಟಾರ್‌ಲೈಟ್' ಅನ್ನೋ ಗುಂಪಿನವರು. ಅವಾ ಆಟದಾಗ ಐಬಲಿನ್ ಅನ್ನೋ ಹೆಸರಿನಾಗ ಎಷ್ಟೋ ಮಂದಿಗೆ ಆಸರ ಆಗಿದ್ದಾ. ಒಬ್ಬ ಹುಡುಗಿಯ ತಂದಿ ತಾಯಿ ಆಕಿ ಕಂಪ್ಯೂಟರ್ ಕಸಗೊಂಡಾಗ ಅವರಿಗೆ ಪತ್ರಾ ಬರದು ತಿಳಿಸಿ ಹೇಳಿದ್ದಾ. ಮಗನ ಜೋಡಿ ಮಾತು ಕಡದುಹೋಗಿದ್ದ ಒಬ್ಬ ತಾಯಿಗೆ, ಅವನ ಆಟದಾಗ ನೀನೂ ಹೋಗಿ ಕೂಡು ಅಂತ ದಾರಿ ತೋರಿಸಿದ್ದಾ. ಗುಂಪಿನ ಕೆಲವರು ಪರದೇಶದಿಂದ ಅವನ ಅಂತ್ಯಕ್ರಿಯಾಕ್ಕ ಬಂದ್ರು. ಬೆಂಜಮಿನ್ ರೀ ಅನ್ನೋವರು ಇದರ ಮ್ಯಾಲೆ 2024ರಾಗ ಸಾಕ್ಷ್ಯಚಿತ್ರಾ ಮಾಡ್ಯಾರ.

ಅದನ್ನ ನೋಡಿ ನಾ ಸೆರಗು ತೊಯ್ಯೋಹಂಗ ಅತ್ತೆ. ಮಾಟ್ಸ್‌ನ್ನ ಅವರು ದೇವರು ಮಾಡಿಲ್ಲಾ. ರೋಗಾ ಜಾಸ್ತಿ ಆದಾಗ ಅದನ್ನ ಮುಚ್ಚಿಟ್ಟು ಗೆಳೆಯರ ಮ್ಯಾಲೆ ಸಿಡಕಿದ್ದು, ಆಮ್ಯಾಲೆ ಕ್ಷಮಾ ಕೇಳಿದ್ದು, ಎರಡೂ ತೋರಸ್ಯಾರ. ತಂದಿ ತಾಯಿ ದುಃಖಾನೂ ಪೂರ್ತಿ ಅದ. ಮಗನ್ನ ಪಾಪದಂವಾ ಅಂತ ತೋರಸಲಿಕ್ಕೆ ತಾಯಿನ್ನ ಕೆಟ್ಟಾಕಿ ಮಾಡಿಲ್ಲಾ. ವೇಡ್‌ಗ ಬರದವರು ಅನಾಥತನ ಕೊಟ್ರು, ಬಡತನ ಕೊಟ್ರು, ಕೆಟ್ಟ ಮೌಶಿ ಕೊಟ್ರು, ಬಾಂಬ್ ಕೊಟ್ರು. ಇನ್ನೊಬ್ಬರ ಕಷ್ಟಾ ಕೇಳೋ ಕಿವಿ ಕೊಡೋದು ಮರತ್ರು. ಮಾಟ್ಸ್‌ಗ ಅದಽ ಇತ್ತು.

ಹುಡುಗರು ಎಷ್ಟು ತಾಸು ಆಡಿದ್ರ ತಪ್ಪು ಅಂತ ಓಣ್ಯಾಗ ನಮ್ಮೊಳಗ ಭಾಳ ಚರ್ಚಾ ಆಗತಾವ. ವಿಶ್ವ ಆರೋಗ್ಯ ಸಂಸ್ಥೆಯವರು ಆಟದ ಚಟಾನ ರೋಗದ ಪಟ್ಟಿಯಾಗ ಸೇರಿಸ್ಯಾರ, ಅದು 2022ರ ಜನವರಿಯಿಂದ ಜಾರಿ ಅದ. ಅದ್ರಾಗ ಇಷ್ಟು ತಾಸು ಅಂತ ಗಡಿಯಾರ ಹಿಡದಿಲ್ಲಾ. ಕೈ ಹಿಡಿತ ತಪ್ಪೇದೇನು, ಉಳದ ಕೆಲಸಾ ಎಲ್ಲಾ ಹಿಂದ ಬಿದ್ದಾವೇನು, ಹಾನಿ ಆದ್ರೂ ಬಿಡವಲ್ಲನೇನು, ಸಾಮಾನ್ಯವಾಗಿ ಒಂದು ವರ್ಷರೆ ಹಿಂಗ ನಡದದೇನು ಅಂತ ನೋಡತಾರ. ಹಂಗಿದ್ರ ಬೈಯೋದು ಬಿಟ್ಟು ಡಾಕ್ಟರ ಕಡೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಾಗ ಇದರ ಸಲುವಾಗಿನಽ 'ಶಟ್' ಅಂತ ಕ್ಲಿನಿಕ್ 2014ರಿಂದ ಅದ. ಹಂಗಿಲ್ಲದ ಹುಡುಗರನ್ನ ತಾಸು ಎಣಿಸಿ ಕಾಡೋದು ನನಗ ಬರೋಬರಿ ಅನಸೂದಿಲ್ಲಾ. ನಾ ನೋಡೋದು ಬ್ಯಾರೆ. ಆಟಾ ಮುಗಿಸಿ ಹೊರಗ ಬಂದಾಗ ಮನ್ಯಾಗಿನವರ ಮಾರಿ ನೋಡತಾನೇನು? ಅಜ್ಜಿ ಮೊಣಕಾಲು ನೋವು ಹೆಂಗದ ಅಂತ ಕೇಳತಾನೇನು? ಆಟದಾಗಿನ ಗೆಳೆಯಾ ಅತ್ರ ಸಮಾಧಾನ ಹೇಳೋಂವಾ ಮನ್ಯಾಗ ತಂಗಿ ಅತ್ರ ಏಳತಾನೇನು? ಎದ್ರ, ಅವಾ ಆಡಲಿ ಬಿಡ್ರಿ.

ಸೂಟಿಯಾಗ ಹುಡುಗರ ಜೋಡಿ ಇಂಥಾ ಸಿನಿಮಾ ನೀವೂ ಕೂತು ನೋಡ್ರಿ, ಎದ್ದು ಹೋಗಬ್ಯಾಡ್ರಿ. ಮುಗದ ಮ್ಯಾಲೆ ಉಪದೇಶ ಬ್ಯಾಡ, ಒಂದಽ ಪ್ರಶ್ನಿ ಕೇಳ್ರಿ: ಆ ಹುಡುಗನ ಮೌಶಿ ಏನಾದ್ಲು? ನಮ್ಮ ಅಕ್ಕನ ಮಗಗ ನಾ ಕೇಳಿದಾಗ ಅವಾ ಸ್ವಲ್ಪ ಹೊತ್ತು ತಲಿ ಕೆರಕೊಂಡು, "ಹೌದಲ್ಲಾ ಮೌಶಿ, ಆಮ್ಯಾಲೆ ಆಕಿ ಸುದ್ದೀನಽ ಇಲ್ಲಾ" ಅಂದಾ. ನನಗ ಅಷ್ಟಽ ಸಾಕಿತ್ತು. ನಿಮ್ಮ ಮನಿ ಹುಡುಗರು ಏನಂತಾರ, ಕೇಳಿ ನೋಡಿ ನನಗೂ ಹೇಳ್ರಿ.